ಒಂಬತ್ತನೇ ಬಾಗಿಲ ಬುರುಜು

ಬೆಳಗಿನ ಏಳು ಗಂಟೆ. ಜಿನೋವಾದ ಹಳೇ ಊರಿನ ಓಣಿಗಳಲ್ಲಿ ಬೀದಿದೀಪ ಇನ್ನೂ ಆರಿಲ್ಲ. ಹಗ್ಗದವರ ಓಣಿಯ ತಲೆಯಲ್ಲಿ ತಳ್ಳುಗಾಡಿ ನಿಲ್ಲಿಸಿ, ಪಾಲ್ಮಿರಾ ಒಲ್ಚೇಸೆ ರಬ್ಬರ್ ಪೈಪನ್ನು ಬೀದಿನಲ್ಲಿಗೆ ಸಿಕ್ಕಿಸಿ ನೀರು ಬಿಡುತ್ತಾರೆ. ಸಿಗರೇಟಿನ ತುಂಡು, ಬಾಟಲಿ ಚೂರು, ನಾಯಿಗಳು ಬಿಟ್ಟು ಹೋದದ್ದು ಎಲ್ಲವೂ ಇಳಿಜಾರು ಹಿಡಿದು ಬಂದರಿನ ಕಡೆ ಹೊರಡುತ್ತವೆ. ಪೊರಕೆ ಅವುಗಳ ಬೆನ್ನಿಗೆ. ಓಣಿ ಎಷ್ಟು ಕಿರಿದೆಂದರೆ ಎರಡು ಕೈ ಚಾಚಿದರೆ ಎರಡೂ ಬದಿಯ ಗೋಡೆ ಬೆರಳಿಗೆ ಸಿಗುತ್ತದೆ. ಗೋಡೆಗಳು ಮಾತ್ರ ಆರಾರು ಅಂತಸ್ತು. ಮೇಲೆ ಆಕಾಶ ಒಂದು ಲಾಡಿಯಷ್ಟು ಅಗಲ.

ಒಂಬತ್ತನೇ ನಂಬರಿನ ಬಾಗಿಲ ಮುಂದೆ ಬಂದಾಗ ಪಾಲ್ಮಿರಾ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೀರನ್ನು ಮೇಲಕ್ಕೆ ಚಿಮ್ಮಿಸುತ್ತಾರೆ. ಬಾಗಿಲ ಮೇಲಿನ ಅಡ್ಡಗಲ್ಲು ನೆನೆಯುತ್ತದೆ. ಮಕ್ಕಳು ಅಕ್ಷರ ತಿದ್ದುವ ಸ್ಲೇಟಿನ ಜಾತಿಯ ಕಲ್ಲು ಅದು. ಒಣಗಿದ್ದಾಗ ಬೂದಿ ಬಣ್ಣ, ನೆನೆದರೆ ಕಾಡಿಗೆ. ನೆನೆದ ಕಲ್ಲಿನ ನಡುವೆ ಮೊರದಷ್ಟು ದೊಡ್ಡ ಒಂದು ಗುರಾಣಿ ಎದ್ದು ಬರುತ್ತದೆ. ಈ ಮನೆ ಕಟ್ಟಿಸಿದವರ ಮನೆತನದ ಲಾಂಛನ ಒಂದು ಕಾಲದಲ್ಲಿ ಅದರೊಳಗಿತ್ತು. ಈಗ ಇರುವುದು ಕೆಲವು ಗೀರು, ಕೆಲವು ಗುಳಿ. ಪಾಲ್ಮಿರಾ ಅದನ್ನು ನೇರವಾಗಿ ನೋಡುವುದಿಲ್ಲ. ಕೋಳಿ ಕಾಳು ನೋಡುವ ಹಾಗೆ ಕತ್ತು ಓರೆ ಮಾಡಿ ಕಣ್ಣಂಚಿನಿಂದ ನೋಡುತ್ತಾರೆ.

ಎದುರಿನ ಕಟ್ಟಡದ ಐದನೇ ಮಹಡಿಯಲ್ಲಿ ಕಿಟಕಿ ತೆರೆಯುತ್ತದೆ. ಎಂಬತ್ತೆಂಟು ವರ್ಷದ ಎರ್ಸಿಲಿಯಾ ಅಜ್ಜಿಯ ತಲೆ ಹೊರಗೆ ಬರುತ್ತದೆ.

"ಏ ಹುಡುಗಿ, ಮತ್ತೆ ಬಾಗಿಲಿಗೆ ಸ್ನಾನ ಮಾಡಿಸ್ತಿದೀಯಾ?"

'ಹುಡುಗಿ'ಗೆ ಅರವತ್ತನಾಲ್ಕು.

"ಸೂರ್ಯ ಬರ್ತಾನೇನು ಸಿನ್ಯೋರಾ ಎರ್ಸಿಲಿಯಾ?"

"ಬರೋ ಹಾಗಿದ್ರೆ ನಾನ್ಯಾಕೆ ಮೂರು ಸ್ವೆಟರ್ ಹಾಕ್ಕೊಂಡು ನಿಂತಿರ್ತಿದ್ದೆ? ಸಮುದ್ರದ ಮೇಲೆ ಯಾರೋ ಹಳೇ ಕಂಬಳಿ ಎಳೆದು ಬಿಟ್ಟಿದಾರೆ."

"ಎಂಟೂ ನಲವತ್ತಕ್ಕೆ ಒಂದ್ಸಲ ನೋಡ್ಬಿಡಿ. ಕನ್ನಡಿ ಕೈಯಲ್ಲೇ ಇಟ್ಕೊಂಡಿರಿ."

"ಇಟ್ಕೊಂಡಿರ್ತೀನಿ. ನಂಗೇನು ಮದುವೆ ಮನೆಗೆ ಹೋಗೋದಿದೆಯಾ?"

ಇದು ಸೋಮವಾರದಿಂದ ನಡೆದಿರುವ ಮಾತು. ಇವತ್ತು ಗುರುವಾರ. ನಾಳೆ ಶುಕ್ರವಾರ ಕಲ್ಲುಕುಟಿಗ ಬಂದು ಆ ಗುರಾಣಿಯಲ್ಲಿ ಹೊಸದಾಗಿ ಒಂದು ಬುರುಜನ್ನು ಕೆತ್ತಲಿದ್ದಾನೆ. ಅಲ್ಲಿ ಬುರುಜು ಯಾವತ್ತೂ ಇರಲಿಲ್ಲ. ಇತ್ತು ಎಂದು ಊರಿಗೆಲ್ಲ ಹೇಳಿದವರು ಇದೇ ಪಾಲ್ಮಿರಾ. ಇಲ್ಲ ಎಂದು ತೋರಿಸಬೇಕಾದವರೂ ಅವರೇ. ತೋರಿಸುವುದಕ್ಕೆ ಬೇಕಾದದ್ದು ನಾಲ್ಕು ನಿಮಿಷದ ಬಿಸಿಲು.

ಪಾಲ್ಮಿರಾ ಹುಟ್ಟಿದ್ದು ಪೂರ್ವದ ಕಡೆಯ ಬೆಟ್ಟಗಳಲ್ಲಿ, ಸ್ಲೇಟು ಕಲ್ಲಿನ ಗಣಿಗಳಿರುವ ಕಣಿವೆಯಲ್ಲಿ. ಅವರ ಅಜ್ಜಿ ಗಣಿಯಿಂದ ಕಲ್ಲಿನ ಹಲಗೆಗಳನ್ನು ತಲೆಯ ಮೇಲೆ ಹೊತ್ತು, ಬರಿಗಾಲಲ್ಲಿ ಕಡಲ ದಂಡೆಯ ದೋಣಿಗಳವರೆಗೆ ಇಳಿಯುತ್ತಿದ್ದವರು. ಅಮ್ಮನ ಕಾಲಕ್ಕೆ ಲಾರಿ ಬಂತು. ಪಾಲ್ಮಿರಾ ಐದನೇ ತರಗತಿ ಮುಗಿಸಿ ಒಂದು ಮನೆಯಲ್ಲಿ ಪಾತ್ರೆ ತೊಳೆಯಲು ಈ ಊರಿಗೆ ಬಂದರು. ಬಂದರಿನ ಹಮಾಲಿ ನಂದೊನನ್ನು ಮದುವೆಯಾದರು. ಹಡಗುಗಳಿಂದ ಕಲ್ನಾರಿನ ಮೂಟೆ ಇಳಿಸಿ ಇಳಿಸಿ ನಂದೊನ ಎದೆ ಕಲ್ಲಾಯಿತು. ಐವತ್ತೊಂದನೇ ವಯಸ್ಸಿಗೆ ಹೋಗಿಬಿಟ್ಟ. "ಕೊನೇಲಿ ಅವ್ರು ಉಸಿರೆಳೆದ್ರೆ ಪಕ್ಕದ ಕೋಣೇಲಿ ಯಾರೋ ಗರಗಸ ಹಾಕ್ತಿದಾರೆ ಅನ್ನಿಸೋದು" ಎನ್ನುತ್ತಾರೆ ಪಾಲ್ಮಿರಾ. ಇದಕ್ಕಿಂತ ಹೆಚ್ಚು ಅವರು ಆ ವಿಷಯ ಮಾತಾಡುವುದಿಲ್ಲ.

ಬೀದಿ ಗುಡಿಸುವ ಕೆಲಸ ಸಿಕ್ಕಿದ್ದು ಮೂವತ್ತೆರಡು ವರ್ಷದ ಹಿಂದೆ. ಮೊದಲ ಚಳಿಗಾಲದಲ್ಲೇ ಒಂದು ಬೆಳಿಗ್ಗೆ ಪೈಪು ಕೈತಪ್ಪಿ ನೀರು ಒಂದು ಬಾಗಿಲ ನೆತ್ತಿಗೆ ಹಾರಿತು. ಬೋಳು ಎಂದುಕೊಂಡಿದ್ದ ಕಲ್ಲಿನಲ್ಲಿ ಒಂದು ಸಿಂಹದ ಹಿಂಗಾಲು ಕಂಡಿತು. ಕಲ್ಲು ಒಣಗಿದಂತೆ ಕಾಲು ಮಾಯವಾಯಿತು. ಪಾಲ್ಮಿರಾ ಇನ್ನೊಮ್ಮೆ ನೀರು ಹಾಕಿದರು. ಇನ್ನೊಮ್ಮೆ ಬಂತು. "ನಮ್ಮ ಬೆಟ್ಟದ ಕಲ್ಲು ಅದು. ನಮ್ಮಜ್ಜಿ ತಲೆ ಮೇಲೆ ಹೊತ್ತಿದ್ದೇ ಇರ್ಬೋದು ಅನ್ನಿಸ್ತು. ಅಷ್ಟು ಹಳೇದಲ್ಲ ನಮ್ಮಜ್ಜಿ, ಗೊತ್ತು. ಆದ್ರೂ ಅನ್ನಿಸ್ತು."

ಅವತ್ತಿನಿಂದ ಇಲ್ಲಿಯವರೆಗೆ ಅವರು ಗುರುತಿಸಿದ ಗುರಾಣಿಗಳು ನಾನೂರ ಹನ್ನೆರಡು. ಎಲ್ಲವೂ ಚೌಕಳಿ ಗೆರೆಯ ಶಾಲಾ ನೋಟುಪುಸ್ತಕಗಳಲ್ಲಿ ಪೆನ್ಸಿಲಿನಲ್ಲಿ ಇವೆ. ಹನ್ನೊಂದು ಪುಸ್ತಕ. ಪುಟಕ್ಕೊಂದು ಗುರಾಣಿ, ಬದಿಯಲ್ಲಿ ಓಣಿಯ ಹೆಸರು, ಬಾಗಿಲ ನಂಬರು, ಕೊನೆಗೆ ಒಂದು ತಿಂಗಳು ಮತ್ತು ಒಂದು ಗಂಟೆ. ಆ ಗುರಾಣಿ ಓದಲು ಸಿಗುವ ಹೊತ್ತು ಅದು. ನಾನೂರ ಹನ್ನೆರಡರಲ್ಲಿ ಈಗ ಅರವತ್ತೊಂದು ಇಲ್ಲ. ಕೆಲವು ಉದುರಿದವು, ಕೆಲವಕ್ಕೆ ಗಾರೆ ಮೆತ್ತಿದರು, ಒಂದರ ಮೇಲೆ ಏರ್ ಕಂಡೀಷನರ್ ಕೂತಿದೆ. ಅವುಗಳ ಪುಟದ ಮೂಲೆಯನ್ನು ಪಾಲ್ಮಿರಾ ಮಡಿಸಿದ್ದಾರೆ.

ಇವುಗಳಲ್ಲಿ ಹೆಚ್ಚಿನವು ಇನ್ನೂರು ವರ್ಷಕ್ಕೂ ಹಿಂದೆಯೇ ಕೆಟ್ಟವು. ಇನ್ನು ಮೇಲೆ ದೊಡ್ಡ ಮನೆತನ, ಸಣ್ಣ ಮನೆತನ ಎಂಬುದಿಲ್ಲ ಎಂದು ಹೊಸ ಆಡಳಿತ ಬಂದಾಗ, ಬಾಗಿಲ ಮೇಲಿನ ಲಾಂಛನಗಳನ್ನೆಲ್ಲ ಕೆತ್ತಿ ಹಾಕಲು ಅಪ್ಪಣೆಯಾಯಿತು. ಏಣಿ, ಸುತ್ತಿಗೆ, ಚಾಣ ಹಿಡಿದ ಆಳುಗಳು ಓಣಿ ಓಣಿ ತಿರುಗಿದರು. ಹದ್ದಿನ ರೆಕ್ಕೆ ಹೋಯಿತು, ಸಿಂಹದ ಮುಖ ಹೋಯಿತು. ಆದರೆ ಕೂಲಿಯವರ ಕೆಲಸ ತಾನೇ, ಆತುರದ್ದು. ಅಲ್ಲೊಂದು ಉಗುರು, ಇಲ್ಲೊಂದು ಎಲೆ ಉಳಿಯಿತು. ಪಾಲ್ಮಿರಾ ಓದುವುದು ಆ ಉಳಿಕೆಯನ್ನು.

"ಕಷ್ಟ ಏನು ಗೊತ್ತಾ? ಆ ಕಲ್ಲಲ್ಲಿ ಇಬ್ರು ಕೆಲ್ಸ ಮಾಡಿದಾರೆ. ಒಬ್ಬ ಕೆತ್ತಿದವ, ಇನ್ನೊಬ್ಬ ಕೆಡಿಸಿದವ. ಇಬ್ರದೂ ಉಳಿನೇ. ಯಾವ ಗೀರು ಯಾರದ್ದು ಅನ್ನೋದು ಬಿಡಿಸ್ಬೇಕು."

ಕೆಡಿಸಿದವರ ಕೈಯನ್ನೂ ಅವರು ಬಲ್ಲರು. ತಾವು ಗುಡಿಸುವ ಈ ಏಳು ಓಣಿಗಳಲ್ಲಿ ಸುತ್ತಿದವನನ್ನು ಅವರು 'ಎಡಚ' ಎಂದು ಕರೆಯುತ್ತಾರೆ. ಏಣಿಯನ್ನು ಬಾಗಿಲ ಬದಿಗಿಟ್ಟು ಎಡಗೈಯಲ್ಲಿ ಹೊಡೆಯುತ್ತಿದ್ದುದರಿಂದ ಅವನ ಪೆಟ್ಟುಗಳೆಲ್ಲ ಒಂದೇ ಕಡೆಗೆ ವಾಲುತ್ತವೆ. ವಾಲಿದ ಗೀರು ಕಂಡರೆ ಅದು ಎಡಚನದು, ಲೆಕ್ಕಕ್ಕಿಲ್ಲ. ನೆಟ್ಟಗಿನ ಗೀರು ಕಂಡರೆ ಅದು ಕೆತ್ತಿದವನದು, ಅದನ್ನು ಓದಬೇಕು. ಇಷ್ಟು ವರ್ಷ ಅವರು ನಡೆಸಿಕೊಂಡು ಬಂದ ನಿಯಮ ಇದೇ.

ಇನ್ನು ಬೆಳಕು. ಈ ಓಣಿಗಳ ತಳಕ್ಕೆ ಬಿಸಿಲು ಬೀಳುವುದಿಲ್ಲ. ನಾಲ್ಕನೇ, ಐದನೇ ಮಹಡಿಯವರೆಗೆ ವರ್ಷದಲ್ಲಿ ಕೆಲವು ದಿನ, ದಿನದಲ್ಲಿ ಕೆಲವು ನಿಮಿಷ ಇಳಿದು ಹಿಂದಿರುಗುತ್ತದೆ. ಆ ನಿಮಿಷಗಳಲ್ಲಿ ಮೇಲಿನ ಮನೆಯವರೊಬ್ಬರು ಕಿಟಕಿಯಿಂದ ಕನ್ನಡಿ ಹಿಡಿದು ಬಿಸಿಲನ್ನು ಕೆಳಗೆ ತಿರುಗಿಸಬೇಕು. ಬೆಳಕು ಮೇಲಿನಿಂದ ಓರೆಯಾಗಿ ಕಲ್ಲನ್ನು ಸವರಿಕೊಂಡು ಇಳಿದರೆ ಕೂದಲೆಳೆಯಷ್ಟು ಗೀರಿಗೂ ನೆರಳು ಹುಟ್ಟುತ್ತದೆ. ಎಂಟೂವರೆಗೆ ಸಿಗುವ ಕಾಲು ಗಂಟೆಯ ಬಿಡುವಿನಲ್ಲಿ ಪಾಲ್ಮಿರಾ ಒಂದು ತುಂಡು ಫೊಕಾಚ್ಚಾ ರೊಟ್ಟಿಯನ್ನು ಹಾಲುಕಾಫಿಗೆ ಅದ್ದಿ ತಿನ್ನುತ್ತ, ಕತ್ತೆತ್ತಿ ಕೂಗುತ್ತಾರೆ: ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ, ಅಲ್ಲೇ, ಅಲ್ಲೇ ಹಿಡ್ಕೊಳ್ಳಿ.

ಹೀಗೆ ಕನ್ನಡಿ ಹಿಡಿಯುವವರು ಒಂದು ಕಾಲಕ್ಕೆ ಹತ್ತೊಂಬತ್ತು ಜನ ಇದ್ದರು. ಬೇಕರಿಯವನ ಹೆಂಡತಿ, ನಿವೃತ್ತ ಟ್ರಾಮ್ ಚಾಲಕ, ದಕ್ಷಿಣ ಅಮೆರಿಕದಿಂದ ಮುದುಕರನ್ನು ನೋಡಿಕೊಳ್ಳಲು ಬಂದ ಹೆಂಗಸರು. ಕೆಲವರು ಸತ್ತರು. ಉಳಿದವರ ಮನೆಗಳು ಪ್ರವಾಸಿಗರ ವಸತಿಗಳಾದವು. ಈಗ ಆರು ಜನ. "ಮೂರು ದಿನಕ್ಕೆ ಬಂದೋರನ್ನ ಎಬ್ಬಿಸಿ, ಸ್ವಾಮಿ ಒಂಚೂರು ಕನ್ನಡಿ ಹಿಡೀರಿ ಅಂತ ಕೇಳಕ್ಕಾಗತ್ತಾ? ಒಂದ್ಸಲ ಕೇಳ್ದೆ. ಫೋಟೋ ತಗೊಂಡ್ರು ನಂದು."

ಎರಡು ವರ್ಷದಿಂದ ಪಾಲ್ಮಿರಾ ಅವರ ಕಣ್ಣು ಕೆಡುತ್ತಿದೆ. ದೃಷ್ಟಿಯ ನಟ್ಟನಡುವೆ ಒಂದು ಮಸುಕು ಕೂತಿದೆ. ಎದುರಿಗಿರುವವರ ಮುಖ ನೋಡಿದರೆ ಕಿವಿ ಕಾಣುತ್ತದೆ, ಮುಖವಿಲ್ಲ. ಡಾಕ್ಟರು ಇದು ಹಿಂದಕ್ಕೆ ಹೋಗುವ ಕಾಯಿಲೆಯಲ್ಲ ಎಂದಿದ್ದಾರೆ. ಕಸ ಗುಡಿಸಲು ತೊಂದರೆಯಿಲ್ಲ, ಮೂವತ್ತೆರಡು ವರ್ಷದಲ್ಲಿ ಕಾಲಿಗೇ ಓಣಿ ಬಾಯಿಪಾಠವಾಗಿದೆ. ಗುರಾಣಿಯ ವಿಷಯ ಬೇರೆ. ನಡುವಿನಲ್ಲಿ ಏನಿದೆಯೋ ಅದೇ ಕಾಣುವುದಿಲ್ಲ, ಸುತ್ತಲಿನ ಅಂಚು ಮಾತ್ರ ಕಾಣುತ್ತದೆ.

ತಪ್ಪು ಸಿಕ್ಕಿದ್ದೂ ಹಾಗೆಯೇ.

ಇಪ್ಪತ್ತೆರಡು ವರ್ಷದ ಹಿಂದೆ, ಕಣ್ಣು ಸರಿಯಿದ್ದ ಕಾಲದಲ್ಲಿ, ಪಾಲ್ಮಿರಾ ಒಂಬತ್ತನೇ ನಂಬರಿನ ಗುರಾಣಿ ಓದಿದ್ದರು. ಕೆಳಗೆ ಎರಡು ನೆಟ್ಟನೆಯ ಗೀರು, ಮೇಲೆ ಸಾಲಾಗಿ ಮೂರು ಹಲ್ಲು. ಎರಡು ಗೋಡೆ, ಮೇಲೆ ಕೋಟೆಯ ತೆನೆ, ಅಂದರೆ ಗೋಡೆಯ ನೆತ್ತಿಯ ಹಲ್ಲುಸಾಲು. ಬುರುಜು. ಬುರುಜಿನ ಲಾಂಛನದ ಮನೆತನ ಎಂದರೆ ಕಸ್ತೆಲ್ವೇರಿ, ಹಡಗು ಕಟ್ಟಿಸುತ್ತಿದ್ದವರು. ಓಣಿಯವರಿಗೆಲ್ಲ ಖುಷಿಯಾಯಿತು. ಅವರ ಸಂಘದವರು ಬಾಗಿಲ ಪಕ್ಕ ಒಂದು ಗೇಣಿನ ಅಮೃತಶಿಲೆಯ ಫಲಕ ಹಾಕಿಸಿದರು: ಇದು ಕಸ್ತೆಲ್ವೇರಿಗಳ ಮನೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಲಾಂಛನ ಗುರುತಿಸಿದವರು ಪಾಲ್ಮಿರಾ ಒಲ್ಚೇಸೆ. ನೌಕರಿಯ ಚೀಟಿ, ಗಂಡನ ಸಮಾಧಿಯ ರಸೀತಿ ಬಿಟ್ಟರೆ ಆಕೆಯ ಹೆಸರು ಜಗತ್ತಿನಲ್ಲಿ ಬರೆದಿರುವುದು ಅಲ್ಲಿ ಮಾತ್ರ.

ಹೋದ ವರ್ಷ ಜನವರಿಯ ಕೊನೆಯಲ್ಲಿ ಎರ್ಸಿಲಿಯಾ ಅಜ್ಜಿ ಕನ್ನಡಿ ಹಿಡಿದಿದ್ದರು, ಸುಮ್ಮನೆ, ಅಭ್ಯಾಸಕ್ಕೆ. ಬುರುಜು ಇರುವ ಜಾಗದಲ್ಲಿ ಪಾಲ್ಮಿರಾಗೆ ಕಂಡದ್ದು ಮಸುಕು. ಹಾಗಾಗಿ ಕಣ್ಣು ಗುರಾಣಿಯ ತಳದ ಅಂಚಿಗೆ ಹೋಯಿತು. ಅಲ್ಲಿ, ಆ ಎರಡು ಗೀರುಗಳ ಬುಡದಲ್ಲಿ, ಸಣ್ಣ ಕವಲುಗಳಿದ್ದವು. ಈ ಕಡೆ ಮೂರು, ಆ ಕಡೆ ಮೂರು.

"ಬುರುಜಿಗೆ ಕಾಲ್ಬೆರಳು ಇರತ್ತಾ ಹೇಳಿ."

ಎರಡು ಗೋಡೆಯಲ್ಲ, ಎರಡು ಕಾಲು. ಯಾವುದೋ ಉದ್ದ ಕಾಲಿನ ಹಕ್ಕಿ. ಮೇಲಿನ ಮೂರು ಹಲ್ಲು ಕೋಟೆಯ ತೆನೆಯಲ್ಲ, ಹಕ್ಕಿಯ ಮೈಯನ್ನು ಒಡೆದು ಹಾಕಿದವನ ಪೆಟ್ಟು. ಎಡಚ ಈ ಒಂದು ಕಡೆ ಏಣಿಯನ್ನು ಬದಿಗಿಡದೆ ಬಾಗಿಲ ನಟ್ಟನಡುವಿಗೆ ಇಟ್ಟು ಹತ್ತಿದ್ದ. ಹಾಗಾಗಿ ಪೆಟ್ಟು ವಾಲದೆ ನೆಟ್ಟಗೆ ಇಳಿದಿತ್ತು. ನೆಟ್ಟಗಿದ್ದದ್ದೆಲ್ಲ ಕೆತ್ತಿದವನದು ಎಂದು ನಂಬಿದ್ದ ಪಾಲ್ಮಿರಾ, ಕೆಡಿಸಿದವನ ಕೈಬರಹವನ್ನು ಮನೆತನ ಎಂದು ಓದಿದ್ದರು.



ಎರ್ಸಿಲಿಯಾ ಅಜ್ಜಿಗೆ ಮೊದಲು ಹೇಳಿದರು. ಅಜ್ಜಿ ಕೆಂಡವಾದರು. "ಇಪ್ಪತ್ತೊಂದು ವರ್ಷ ಬಂದೋರಿಗೆಲ್ಲ ನಮ್ಮೆದುರು ಮನೆ ಹಡಗಿನೋರದ್ದು ಅಂತ ಹೇಳಿದೀನಿ. ಈಗ ಏನು, ಕೋಳಿಯೋರದ್ದು ಅನ್ಲಾ? ಬಾಯಿ ಮುಚ್ಕೊಂಡಿರೇ. ನಿನ್ನ ಹೆಸ್ರು ಕಲ್ಲಲ್ಲಿದೆ. ನನ್ನ ಹೆಸ್ರು ಕರೆಂಟ್ ಬಿಲ್ಲಲ್ಲೂ ಇಲ್ಲ, ಇನ್ನೂ ಸತ್ತ ಗಂಡಂದೇ ಬರ್ತಿದೆ."

ಪಾಲ್ಮಿರಾ ಸಂಘದವರಿಗೆ ಹೇಳಲು ಹೋದರು. ಸಂಘದಲ್ಲಿ ಇನ್ನು ಇಬ್ಬರೇ ಇದ್ದರು, ಅವರಲ್ಲೊಬ್ಬರಿಗೆ ಕಿವಿ ಕೇಳುವುದಿಲ್ಲ. ಮುಂದೆ ನೋಡೋಣ ಎಂದರು. ವರ್ಷ ಕಳೆಯಿತು. ಅಷ್ಟರಲ್ಲಿ ಒಂಬತ್ತನೇ ನಂಬರು ಪೂರ್ತಿ ಮಾರಾಟವಾಗಿ, ಕೊಂಡವರು ಅದನ್ನು ಪ್ರವಾಸಿಗರ ವಸತಿ ಮಾಡಲು ಹೊರಟರು. ಅವರು ಬೇರೆ ಊರಿನವರು. ಫಲಕ ಓದಿದರು, ಹಿಡಿಸಿತು. ವಸತಿಗೆ 'ಬುರುಜು ಮನೆ' ಎಂದೇ ಹೆಸರಿಟ್ಟರು. ಟವೆಲುಗಳ ಮೇಲೂ ಬುರುಜಿನ ಕಸೂತಿಯಾಯಿತು. ಬಾಗಿಲ ಮೇಲಿನ ಸವೆದ ಗುರಾಣಿಯಲ್ಲಿ ಬುರುಜನ್ನು ಆಳವಾಗಿ ಹೊಸದಾಗಿ ಕೆತ್ತಿಸಲು ಹೇಳಿ ಹೋದರು. ಕೆತ್ತಿದರೆ ಆ ಆರು ಕವಲುಗಳೂ ಹೋಗುತ್ತವೆ. ಆಮೇಲೆ ಯಾರು ಎಷ್ಟೇ ನೀರು ಹಾಕಲಿ, ಎಷ್ಟೇ ಕನ್ನಡಿ ಹಿಡಿಯಲಿ, ಅಲ್ಲಿ ಪಾಲ್ಮಿರಾ ಹೇಳಿದ ಸುಳ್ಳು ಮಾತ್ರ ಇರುತ್ತದೆ.

ಕೆಲಸದ ಮೇಸ್ತ್ರಿ ಫುಲ್ವಿಯೊ ಇದೇ ಓಣಿಯಲ್ಲಿ ಚೆಂಡಾಡಿ ಬೆಳೆದವನು. ಸೋಮವಾರ ಪಾಲ್ಮಿರಾ ಅವನನ್ನು ಹಿಡಿದು ನಿಲ್ಲಿಸಿದರು.

"ಸಿನ್ಯೋರಾ ಪಾಲ್ಮಿರಾ, ನಿಮ್ಮ ಮಾತು ನಂಬಿ ಇಪ್ಪತ್ತೆರಡು ವರ್ಷ ಬುರುಜು ಅಂದ್ವಿ. ಈಗ ನಿಮ್ಮ ಮಾತೇ ನಂಬಿ ಹಕ್ಕಿ ಅನ್ಬೇಕಾ? ಕಣ್ಣು ಚೆನ್ನಾಗಿದ್ದಾಗ ಬುರುಜು, ಕಣ್ಣು ಹೋದ್ಮೇಲೆ ಹಕ್ಕಿ. ಮಾಲೀಕರು ನನ್ನನ್ನ ಏನಂತಾರೆ?"

"ನನ್ನ ಕಣ್ಣು ಬೇಡ ಕಣೋ. ನಿನ್ನ ಕಣ್ಣಲ್ಲೇ ನೋಡು. ಬಿಸಿಲು ಬರ್ಲಿ, ತೋರಿಸ್ತೀನಿ."

ಫುಲ್ವಿಯೊ ಗೊಣಗಿದ. ಗೊಣಗದ ಜಿನೋವಾದವರನ್ನು ಇನ್ನೂ ಯಾರೂ ಕಂಡಿಲ್ಲ. ಕೊನೆಗೆ ಹೇಳಿದ: "ಶುಕ್ರವಾರ ಕುಟಿಗ ಬರ್ತಾನೆ. ಅಷ್ಟರೊಳಗೆ ನಂಗೆ ಬೆರಳು ಕಾಣ್ಸಿದ್ರೆ ಮಾಲೀಕರಿಗೆ ಫೋನ್ ಮಾಡ್ತೀನಿ. ಕಾಣ್ಸದಿದ್ರೆ ನನ್ನ ಕೆಲ್ಸ ನಂಗೆ ಬಿಡಿ."

ಜನವರಿಯ ಕೊನೆಯ ಹತ್ತು ದಿನ ಬೆಳಿಗ್ಗೆ ಎಂಟೂ ನಲವತ್ತಕ್ಕೆ ಎರ್ಸಿಲಿಯಾ ಅಜ್ಜಿಯ ಕಿಟಕಿಗೆ ಬಿಸಿಲು ಬರುತ್ತದೆ, ನಾಲ್ಕು ನಿಮಿಷ ಇರುತ್ತದೆ. ಅಜ್ಜಿ ಬೈದುಕೊಂಡೇ ಗಂಡ ಗಡ್ಡ ಹೆರೆಯುತ್ತಿದ್ದ ಕನ್ನಡಿ ಒರೆಸಿಟ್ಟರು. ಸೋಮವಾರ ಮೋಡ. ಮಂಗಳವಾರ ಮಳೆ. ಬುಧವಾರ ಎಂಟೂ ಮೂವತ್ತೆಂಟಕ್ಕೆ ಸಮುದ್ರದ ಕಡೆ ಒಂದು ಬಿಳಿ ಕಲೆ ಕಂಡಿತೆಂದು ಅಜ್ಜಿ ಕಿರುಚಿದರು. ಫುಲ್ವಿಯೊ ಓಡಿ ಬಂದು ಕತ್ತೆತ್ತಿ ನಿಂತ. ಕಲೆ ಅಲ್ಲೇ ಅಳಿಸಿಹೋಯಿತು. ಗುರುವಾರ, ಇವತ್ತು, ಹಳೇ ಕಂಬಳಿ.

ಎಂಟೂ ನಲವತ್ತು ಕಳೆಯುತ್ತದೆ. ಮೇಲಿನಿಂದ ಅಜ್ಜಿ ಬರೀ ಕೈ ಆಡಿಸಿ ಕಿಟಕಿ ಹಾಕಿಕೊಳ್ಳುತ್ತಾರೆ. ಪಾಲ್ಮಿರಾ ಪೈಪು ಸುತ್ತಿ ಗಾಡಿಗೆ ಹಾಕಿ ಕತ್ತರಿಯವರ ಓಣಿಯ ಕಡೆ ಹೊರಡುತ್ತಾರೆ. ಇನ್ನೂ ನಾಲ್ಕು ಓಣಿ ಬಾಕಿಯಿದೆ.

ಶುಕ್ರವಾರ ಬೆಳಗಾಗುವಾಗ ಜಿಟಿಜಿಟಿ ಮಳೆ. ಬಾಗಿಲ ಮುಂದೆ ಆಳೆತ್ತರದ ಸಾರುವೆ ಕಟ್ಟಿದ್ದಾರೆ. ಅದರ ಮೇಲೆ ಕುಟಿಗ ಲಾಜ್ಜರೊ ಕೂತು ಉಳಿಗಳನ್ನು ಬಟ್ಟೆಯಿಂದ ಬಿಚ್ಚುತ್ತಿದ್ದಾನೆ. ಐವತ್ತರ ಆಸುಪಾಸು, ದಪ್ಪ ಕೈ. ಮಾತು ಕಡಿಮೆ. ಪಾಲ್ಮಿರಾ ಪೊರಕೆ ಗೋಡೆಗೊರಗಿಸಿ ಕೆಳಗೆ ನಿಲ್ಲುತ್ತಾರೆ.

"ಸ್ವಾಮಿ, ಒಂದು ಮಾತು. ಅಲ್ಲಿ ಬುರುಜಿಲ್ಲ."

"ನಕ್ಷೆ ಕೊಟ್ಟಿದಾರಮ್ಮ. ಬುರುಜೇ."

"ಆ ನಕ್ಷೆ ನನ್ನ ಮಾತಿಂದ ಹುಟ್ಟಿದ್ದೇ. ನನ್ನ ತಪ್ಪೇ ಅದು. ಬಿಸಿಲು ಬಂದಿದ್ರೆ ತೋರಿಸ್ತಿದ್ದೆ."

ಫುಲ್ವಿಯೊ ಒಳಗಿನಿಂದ ಬರುತ್ತಾನೆ. "ಮುಗೀತಲ್ಲ ಸಿನ್ಯೋರಾ. ಸೂರ್ಯ ಬರ್ಲಿಲ್ಲ. ನಾನೇನು ಅವನನ್ನ ಕಟ್ಟಿ ಹಾಕಿದೀನಾ?"

ಲಾಜ್ಜರೊ ಮಾತ್ರ ಉಳಿ ಕೆಳಗಿಡುತ್ತಾನೆ. ಪಾಲ್ಮಿರಾ ಮಾತಿನ ಧಾಟಿ ಅವನ ಕಿವಿಗೆ ಸಿಕ್ಕಿದೆ. "ನೀವು ಬೆಟ್ಟದೋರಾ?"

"ಗಣಿ ಕಣಿವೆ. ನಮ್ಮಜ್ಜಿ ಕಲ್ಲು ಹೊರೋರು."

"ನಮ್ಮಜ್ಜೀನೂ" ಎನ್ನುತ್ತಾನೆ ಲಾಜ್ಜರೊ. ಗುರಾಣಿಯ ಕಡೆ ತಿರುಗುತ್ತಾನೆ. "ಸ್ಲೇಟು ಕಲ್ಲಿಗೆ ಬಿಸಿಲ್ಯಾಕಮ್ಮ?"

ಅವನು ಕೈಗವಸು ಕಳಚಿ, ಗುರಾಣಿಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿಕೊಳ್ಳುತ್ತಾನೆ. ಹೆಬ್ಬೆರಳು ಒಂದು ಗೀರಿನೊಳಗೆ ಇಳಿಯುತ್ತದೆ, ಮೆಲ್ಲಗೆ ಕೆಳಗೆ ಹೋಗುತ್ತದೆ, ನಿಲ್ಲುತ್ತದೆ. ಇನ್ನೊಂದರಲ್ಲಿ ಇಳಿಯುತ್ತದೆ. ಆಮೇಲೆ ಮೇಲಿನ ಹಲ್ಲುಗಳಿಗೆ ಬರುತ್ತದೆ. ಫುಲ್ವಿಯೊ ವಾಚು ನೋಡುತ್ತಾನೆ. ಎದುರು ಮಹಡಿಯಿಂದ ಎರ್ಸಿಲಿಯಾ ಅಜ್ಜಿ, "ಏನಂತಾನೆ? ಏನಂತಾನೇ?" ಎಂದು ಕೂಗುತ್ತಾರೆ.

"ಕೆಳಗಿಂದು ಕೆತ್ತಿದ್ದು" ಎನ್ನುತ್ತಾನೆ ಲಾಜ್ಜರೊ. "ಗೀರಿನ ತಳ ನುಣ್ಣಗಿದೆ. ಕೆತ್ತೋನು ಉಳೀನ ಕಲ್ಲಿನ ಪದರದ ಜೊತೆ ಓಡಿಸ್ತಾನೆ. ಮೇಲಿಂದು ಒಡೆದಿದ್ದು. ಪದರ ಸೀಳಿದೆ, ತಳ ಮೆಟ್ಲು ಮೆಟ್ಲಾಗಿದೆ. ಮೇಸ್ತ್ರಿ, ಬನ್ನಿ, ನೀವೇ ಮುಟ್ಟಿ ನೋಡಿ."

ಫುಲ್ವಿಯೊ ಹತ್ತುತ್ತಾನೆ. ಮುಟ್ಟುತ್ತಾನೆ. ಅವನ ಮುಖ ಬದಲಾದದ್ದು ಪಾಲ್ಮಿರಾಗೆ ಕಾಣುವುದಿಲ್ಲ. ಆದರೆ ಅವನು ಗೊಣಗುವುದು ನಿಂತದ್ದು ಕೇಳಿಸುತ್ತದೆ.

"ಇಲ್ಲಿ ಬುಡದಲ್ಲಿ ಕವಲಿದೆ" ಎನ್ನುತ್ತಾನೆ ಫುಲ್ವಿಯೊ. ಎಣಿಸುತ್ತಾನೆ. "ಮೂರು. ಈ ಕಡೇನೂ ಮೂರು."

"ನಾನೂ ಹತ್ಲಾ?" ಪಾಲ್ಮಿರಾ ಕೇಳುತ್ತಾರೆ.

"ಬಿದ್ರೆ ನನ್ನ ತಲೆಗೆ ಬರತ್ತೆ ಸಿನ್ಯೋರಾ." ಹಾಗೆಂದರೂ ಅವನೇ ಕೈ ಕೊಡುತ್ತಾನೆ.

ಮೂವತ್ತೆರಡು ವರ್ಷ ಕೆಳಗಿನಿಂದ ಕತ್ತೆತ್ತಿ ನೋಡಿದವರು ಅವರು. ಈ ಗುರಾಣಿಯನ್ನಾಗಲಿ, ನಾನೂರ ಹನ್ನೆರಡರಲ್ಲಿ ಬೇರೆ ಯಾವುದನ್ನಾಗಲಿ ಕೈಯಿಂದ ಮುಟ್ಟಿದವ‍ರಲ್ಲ. ಲಾಜ್ಜರೊ ಅವರ ತೋರುಬೆರಳು ಹಿಡಿದು ಗೀರಿನೊಳಗೆ ಇಡುತ್ತಾನೆ. ಬೆರಳು ತಾನಾಗಿ ಕೆಳಗೆ ಹೋಗಿ, ಕವಲಿನ ಹತ್ತಿರ ನಿಂತು, ಒಂದೊಂದಾಗಿ ಮೂರನ್ನೂ ಸವರುತ್ತದೆ. ಕೊನೆಗೆ, "ಎಷ್ಟು ತಣ್ಣಗಿದೆ" ಎನ್ನುತ್ತಾರೆ.

ಫುಲ್ವಿಯೊ ಮಾಲೀಕರಿಗೆ ಫೋನ್ ಮಾಡುತ್ತಾನೆ. ಮಾತು ಉದ್ದವಾಗುತ್ತದೆ. ಟವೆಲಿನ ಮಾತೂ ಬರುತ್ತದೆ. ಫೋನಿನ ಬಾಯಿಗೆ ಕೈ ಅಡ್ಡ ಇಟ್ಟು ಅವನು ಇತ್ತ ತಿರುಗುತ್ತಾನೆ. "ಹಕ್ಕಿ ಆದ್ರೆ ಹಕ್ಕೀನೇ ಕೆತ್ಸಿ ಅಂತಿದಾರೆ. ಯಾವ ಹಕ್ಕಿ?"

ಲಾಜ್ಜರೊ ಪಾಲ್ಮಿರಾ ಕಡೆ ನೋಡುತ್ತಾನೆ.

"ಗೊತ್ತಿಲ್ಲ" ಎನ್ನುತ್ತಾರೆ ಪಾಲ್ಮಿರಾ. "ಕತ್ತಿಲ್ಲ, ಕೊಕ್ಕಿಲ್ಲ, ಮೈಯಿಲ್ಲ. ಎರಡು ಕಾಲು ಬಿಟ್ರೆ ಏನೂ ಉಳಿದಿಲ್ಲ. ಯಾರ ಮನೆತನ ಅಂತ್ಲೂ ಗೊತ್ತಿಲ್ಲ. ಊಹೆ ಮಾಡಿ ಒಂದ್ಸಲ ಕೆಟ್ಟಿದ್ದು ಸಾಕು. ಕೆತ್ಬೇಡಿ."

"ನಾನಂತೂ ಕೆತ್ತಲ್ಲ" ಎಂದು ಲಾಜ್ಜರೊ ಉಳಿಗಳನ್ನು ಬಟ್ಟೆಯಲ್ಲಿ ಸುತ್ತುತ್ತಾನೆ.

ಮತ್ತೆ ಫೋನು. ಬಾಗಿಲ ಮೇಲೆ ಒಡಕು ಗುರಾಣಿ ಇಟ್ಟುಕೊಂಡು ವಸತಿ ನಡೆಸಲು ಮಾಲೀಕರು ಒಪ್ಪುವುದಿಲ್ಲ. ಫುಲ್ವಿಯೊ ಒಂದು ದಾರಿ ಹುಡುಕುತ್ತಾನೆ: ವಸತಿಯ ಹೆಸರಿನ ಮರದ ಹಲಗೆಯನ್ನು ಗುರಾಣಿಯ ಮುಂದೆಯೇ ತೂಗುಹಾಕುವುದು, ಕಲ್ಲಿಗೆ ಮೊಳೆ ತಾಗಿಸದೆ, ಬದಿಯ ಗೋಡೆಗಳಿಗೆ ಕಬ್ಬಿಣದ ಕೊಂಡಿ ಹಾಕಿ. ಅದಕ್ಕೆ ಅವರು ಹೂಂ ಎನ್ನುತ್ತಾರೆ. ಹೆಸರು ಬುರುಜು ಮನೆಯೇ, ಅದನ್ನು ಬದಲಿಸುವುದಿಲ್ಲವಂತೆ. ಗುರಾಣಿ ಉಳಿಯುತ್ತದೆ. ಇನ್ನು ಯಾರಿಗೂ ಕಾಣುವುದಿಲ್ಲ.

ಪಾಲ್ಮಿರಾ ತಲೆಯಾಡಿಸುತ್ತಾರೆ. ಆಮೇಲೆ ಬಾಗಿಲ ಪಕ್ಕದ ಅಮೃತಶಿಲೆಯ ಫಲಕದ ಕಡೆ ಕೈ ತೋರಿಸುತ್ತಾರೆ. "ಅದನ್ನೂ ತೆಗೆದ್ಬಿಡು."

ಫುಲ್ವಿಯೊ ಅನುಮಾನಿಸುತ್ತಾನೆ. "ಇದ್ರೆ ಯಾರಿಗೇನು ತೊಂದ್ರೆ? ಮಾಲೀಕರೇನೂ ತೆಗೀರಿ ಅಂದಿಲ್ಲ. ನಿಮ್ಮ ಹೆಸ್ರಿದೆ ಅದ್ರಲ್ಲಿ."

"ಅದಕ್ಕೇ ತೆಗಿ ಅಂದಿದ್ದು."

"ಕೀಳ್ಬೇಡ್ವೋ ಲೋಫರ್!" ಐದನೇ ಮಹಡಿಯಿಂದ ಎರ್ಸಿಲಿಯಾ ಅಜ್ಜಿಯ ದನಿ. "ಏ ಹುಡುಗಿ, ನಿಂಗೇನು ಬುದ್ಧಿ ಕೆಟ್ಟಿದೆಯಾ? ಇರ್ಲಿ ಬಿಡೇ! ಯಾರು ಓದ್ತಾರೆ ಅದನ್ನ!"

"ಓದಿದ್ರಲ್ಲ ಸಿನ್ಯೋರಾ. ಓದಿದ್ರಿಂದ್ಲೇ ಇಷ್ಟೆಲ್ಲ ಆಗಿದ್ದು."

ನಾಲ್ಕು ತಿರುಪು. ಮೂರು ಸುಲಭವಾಗಿ ಬರುತ್ತವೆ. ನಾಲ್ಕನೆಯದು ತುಕ್ಕು ಹಿಡಿದು, ಫಲಕದ ಒಂದು ಮೂಲೆ ಮುರಿದುಕೊಂಡೇ ಬರುತ್ತದೆ. ಮನೆಗೆ ತೆಗೆದುಕೊಂಡು ಹೋಗುತ್ತೀರಾ ಎಂದು ಫುಲ್ವಿಯೊ ಕೇಳುತ್ತಾನೆ. ಪಾಲ್ಮಿರಾ ತಮ್ಮ ಗಾಡಿಯ ಕಡೆ ನೋಡಿ, ಬೇಡ ಎನ್ನುತ್ತಾರೆ. "ನನ್ನ ಗಾಡಿಗೂ ಹಾಕಂಗಿಲ್ಲ. ಕಲ್ಲು, ಗಾರೆ ಎಲ್ಲ ನಿಮ್ಮ ಚೀಲಕ್ಕೆ ಹೋಗ್ಬೇಕು. ಅದು ರೂಲ್ಸು." ಅಮೃತಶಿಲೆ ಒಡೆದ ಇಟ್ಟಿಗೆಗಳ ಚೀಲಕ್ಕೆ ಬೀಳುತ್ತದೆ. ಮೇಲೆ ಕಿಟಕಿ ಧಡಾರನೆ ಮುಚ್ಚಿಕೊಳ್ಳುತ್ತದೆ. ಎರಡು ದಿನ ಅಜ್ಜಿ ಪಾಲ್ಮಿರಾ ಜೊತೆ ಮಾತು ಬಿಡುತ್ತಾರೆ.

ಭಾನುವಾರ ರಜೆ. ಪಾಲ್ಮಿರಾ ಅಡುಗೆಮನೆಯ ಮೇಜಿನ ಮೇಲೆ ಐದನೇ ನೋಟುಪುಸ್ತಕ ತೆರೆದಿದ್ದಾರೆ. ಬುರುಜಿನ ಚಿತ್ರವನ್ನು ಅಳಿಸಿಲ್ಲ, ಮೇಲೊಂದು ಗೆರೆ ಎಳೆದಿದ್ದಾರೆ. ಪಕ್ಕದಲ್ಲಿ ಎರಡು ಕಾಲು, ಆರು ಬೆರಳು. ಈಗ ಅವರ ಕೈಗೆ ಗೆರೆ ನೇರ ಬರುವುದಿಲ್ಲ. ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆಯುತ್ತಾರೆ: ಹಕ್ಕಿ. ಯಾವುದೆಂದು ಗೊತ್ತಿಲ್ಲ. ಮನೆತನ ಗೊತ್ತಿಲ್ಲ. ಜೂನ್ ತಿಂಗಳಿಗೆ ನೌಕರಿ ಮುಗಿಯುತ್ತದೆ. ಅಷ್ಟರೊಳಗೆ ನೆಟ್ಟಗಿನ ಗೀರು ನಂಬಿ ಓದಿದ ಎಲ್ಲ ಪುಟಗಳನ್ನೂ ಇನ್ನೊಮ್ಮೆ ನೋಡಬೇಕೆಂಬ ಆಸೆ ಅವರಿಗಿದೆ. ಅಂಥವು ನಲವತ್ತೇಳು. ಕಣ್ಣು ಅಲ್ಲಿಯವರೆಗೆ ಬರುತ್ತದೆಂದು ಅವರೇ ನಂಬಿಲ್ಲ. "ಒಂದು ಸಣ್ಣ ಏಣಿ ಕೊಡ್ಸಿದ್ರೆ ಕೈಯಲ್ಲಾದ್ರೂ ನೋಡ್ತೀನಿ" ಎನ್ನುತ್ತಾರೆ. ಕೊಡಿಸುವವರು ಯಾರೆಂದು ಹೇಳುವುದಿಲ್ಲ.

ಹಲಗೆಯ ವಿಷಯ ಕೇಳಿದರೆ ಮಾತ್ರ ಪುಸ್ತಕದಿಂದ ತಲೆಯೆತ್ತಿ, ಕತ್ತು ಓರೆ ಮಾಡುತ್ತಾರೆ.

"ಮರದ್ದು ತಾನೇ. ಈ ಓಣಿ ತೇವಕ್ಕೆ ಯಾವ ಮರಾನೂ ಮೂವತ್ತು ವರ್ಷ ತಡೆಯಲ್ಲ. ಅದು ಬಿದ್ದ ದಿನ ಯಾರೋ ಒಬ್ರು ತಲೆಯೆತ್ತಿ ನೋಡ್ತಾರೆ. ಏನು ಕಾಣತ್ತೋ ಅದನ್ನ ಅವ್ರೇ ಓದ್ಕೊಳ್ಳಿ. ಇಂಥೋಳು ಹೀಗಂದಿದ್ಲು ಅಂತ ಅಡ್ಡ ಏನೂ ಇರಲ್ಲ."